ಖಾಸಗೀಕರಣವೆಂಬ ಪದ: ಎಸ್‌ಎಸ್‌ಎಲ್‌ವಿ ಹಸ್ತಾಂತರದ ಮರುಪರಿಶೀಲನೆ

ಇಸ್ರೋದ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ 511 ಕೋಟಿ ರೂಪಾಯಿಗೆ ಬೆಂಗಳೂರಿನ ಎಚ್‌ಎಎಲ್ ಪಾಲಾಯಿತೆಂದು ಬಾಹ್ಯಾಕಾಶ ಉದ್ದಿಮೆಯ ನಿಯಂತ್ರಕ ಸಂಸ್ಥೆ ಇನ್‌ಸ್ಪೇಸ್ ಪ್ರಕಟಿಸಿದ್ದು 2025ರ ಜೂನ್ 20ರಂದು. ಅಲ್ಲಿಂದೀಚೆಗೆ ಇದನ್ನು ರಾಕೆಟ್ ನಿರ್ಮಾಣದ ಖಾಸಗೀಕರಣ ಎಂದು ಕರೆಯುವುದು ರೂಢಿಯಾಗಿದೆ. ಈ ಲೇಖನದ ತಕರಾರು ಆ ಪದದ ಮೇಲೆ.

ಹಿನ್ನೆಲೆಯ ಬಗ್ಗೆ ವಿವಾದವಿಲ್ಲ. 2019ರ ಮಾರ್ಚ್‌ನಲ್ಲಿ ಇಸ್ರೋದ ವಾಣಿಜ್ಯ ಅಂಗವಾಗಿ ನ್ಯೂಸ್ಪೇಸ್ ಇಂಡಿಯಾ ಸ್ಥಾಪನೆಯಾಯಿತು. 2020ರ ಜೂನ್‌ನಲ್ಲಿ ದೆಹಲಿಯ ಸಚಿವ ಸಂಪುಟ ಇನ್‌ಸ್ಪೇಸ್‌ಗೆ ಒಪ್ಪಿಗೆಯಿತ್ತಿತು. 2023ರ ಏಪ್ರಿಲ್‌ನಲ್ಲಿ ಬಾಹ್ಯಾಕಾಶ ನೀತಿ ಬಂತು. ರಾಕೆಟ್ಟಿನ ಚರಿತ್ರೆಯೂ ಚಿಕ್ಕದೇ. 34 ಮೀಟರ್ ಎತ್ತರ, ಘನ ಇಂಧನದ ಮೂರು ಹಂತ, ಮೂರು ಹಾರಾಟ. 2022ರ ಆಗಸ್ಟ್ 7ರ ಮೊದಲ ಹಾರಾಟ ಸೋತಿತು: ಎರಡನೆಯ ಹಂತ ಕಳಚುವಾಗಿನ ಕಂಪನಕ್ಕೆ ವೇಗೋತ್ಕರ್ಷ ಮಾಪಕಗಳು ಕ್ಷಣಕಾಲ ಮಿತಿ ಮೀರಿದವು, ಗಣಕ ಅವು ಕೆಟ್ಟವೆಂದು ಬಗೆಯಿತು. 2023ರ ಫೆಬ್ರವರಿ ಮತ್ತು 2024ರ ಆಗಸ್ಟ್‌ನ ಹಾರಾಟಗಳು ಗೆದ್ದವು.

ಈಗ ತಕರಾರಿನ ಅಂಶ. ಕೊನೆಯ ಸುತ್ತಿನಲ್ಲಿ ಉಳಿದವರು ಮೂವರು: ಎಚ್‌ಎಎಲ್, ಹೈದರಾಬಾದಿನ ಭಾರತ್ ಡೈನಾಮಿಕ್ಸ್ ಮುಂದಾಳತ್ವದ ಒಕ್ಕೂಟ, ಬೆಂಗಳೂರಿನ ಆಲ್ಫಾ ಡಿಸೈನ್ ಮುಂದಾಳತ್ವದ ಒಕ್ಕೂಟ. ಮೊದಲೆರಡು ಸಂಸ್ಥೆಗಳೂ ರಕ್ಷಣಾ ಸಚಿವಾಲಯದವು. ಗೆದ್ದ ಎಚ್‌ಎಎಲ್‌ನಲ್ಲಿ ಸರ್ಕಾರದ ಪಾಲು ಶೇ 71ಕ್ಕೂ ಹೆಚ್ಚು. 2023ರ ನೀತಿಯನ್ನು ಪದಶಃ ಓದಿದರೂ ಇದೇ ಕಾಣುತ್ತದೆ. ಪಕ್ವಗೊಂಡ ವ್ಯವಸ್ಥೆಗಳನ್ನು ಇಸ್ರೋ ಉದ್ದಿಮೆಗೆ ದಾಟಿಸಬೇಕೆಂದು ಅದು ಹೇಳುತ್ತದೆ. ಉದ್ದಿಮೆಗೆ ಎನ್ನುತ್ತದೆಯೇ ಹೊರತು ಆ ಮಾತಿನಲ್ಲಿ 'ಖಾಸಗಿ' ಎಂಬ ವಿಶೇಷಣವಿಲ್ಲ. ವಿಶೇಷಣವನ್ನು ಸೇರಿಸಿಕೊಂಡವರು ಓದುಗರು.

ಹಾಗಾದರೆ ಬದಲಾದದ್ದೇನು? ನನ್ನ ಮಟ್ಟಿಗೆ, ಹಣ ಹರಿಯುವ ದಿಕ್ಕು. 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಐದು ಪಿಎಸ್‌ಎಲ್‌ವಿಗಳನ್ನು ಕಟ್ಟಿಕೊಡಲು ಒಪ್ಪಿದಾಗ ಸುಮಾರು 860 ಕೋಟಿ ಕೊಡುವ ಕಡೆಯಲ್ಲಿ ಇದ್ದದ್ದು ನ್ಯೂಸ್ಪೇಸ್ ಇಂಡಿಯಾ. ಅದು ಗುತ್ತಿಗೆ; ಆ ಒಕ್ಕೂಟದಲ್ಲಿ ನಿಜವಾದ ಖಾಸಗಿ ಕಂಪನಿಯೊಂದಿತ್ತು, ಆದರೆ ಗಿರಾಕಿ ಹುಡುಕುವ ತಲೆನೋವು ಅದಕ್ಕಿರಲಿಲ್ಲ. ಎಸ್‌ಎಸ್‌ಎಲ್‌ವಿಯಲ್ಲಿ ಹಣ ಕೊಡುವವನೇ ಎಚ್‌ಎಎಲ್; ರಾಕೆಟ್ ಕಟ್ಟಿ, ಗಿರಾಕಿ ಹುಡುಕಿ, ಹಾರಿಸಬೇಕಾದವನೂ ಅವನೇ. ಆದ್ದರಿಂದ ನಡೆದದ್ದು ಖಾಸಗೀಕರಣವಲ್ಲ, ವ್ಯಾಪಾರದ ಅಪಾಯವನ್ನು ಪ್ರಭುತ್ವ ತನ್ನ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ್ದು ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳುಂಟು. ಎಚ್‌ಎಎಲ್ ಷೇರುಪೇಟೆಯಲ್ಲಿರುವ ಕಂಪನಿ. ನಷ್ಟದ ಒಂದು ಪಾಲನ್ನು ಸಾಮಾನ್ಯ ಷೇರುದಾರರೂ ಹೊರುತ್ತಾರೆ. 2025ರ ಸೆಪ್ಟೆಂಬರ್ 10ರ ಒಪ್ಪಂದ ಕೊಡುವುದು ಅನನ್ಯವಲ್ಲದ, ಬೇರೆಯವರಿಗೆ ವರ್ಗಾಯಿಸಲಾಗದ ಪರವಾನಗಿ. ಅಂದರೆ ನಾಳೆ ಖಾಸಗಿಯವರೊಬ್ಬರಿಗೂ ಇದೇ ವಿದ್ಯೆ ಸಿಗಬಹುದು. ಆಗ ನನ್ನ ವಾದ ಸಡಿಲವಾಗುತ್ತದೆ. ಸ್ಕೈರೂಟ್ (2022) ಮತ್ತು ಅಗ್ನಿಕುಲ್ (2024) ತಮ್ಮದೇ ರಾಕೆಟ್ಟುಗಳನ್ನು ಉಪಕಕ್ಷೀಯವಾಗಿ ಹಾರಿಸಿ ತೋರಿಸಿವೆ. ಖಾಸಗಿ ಎಂಬ ಪದಕ್ಕೆ ನ್ಯಾಯವಾಗಿ ಹಕ್ಕುಳ್ಳವು ಅವು. ಇನ್ನೊಂದು ಮಿತಿ ಕಾನೂನಿನದು. 1972ರ ಹೊಣೆಗಾರಿಕೆ ಒಡಂಬಡಿಕೆಯ ಪ್ರಕಾರ ರಾಕೆಟ್ಟಿನಿಂದ ಪರದೇಶಕ್ಕೆ ಹಾನಿಯಾದರೆ ಉತ್ತರಿಸಬೇಕಾದದ್ದು ಉಡಾವಣೆ ಮಾಡಿದ ದೇಶ. ದಾಟಿದ ಅಪಾಯ ವ್ಯಾಪಾರದ್ದು ಮಾತ್ರ.

ಉಳಿಯುವ ಪ್ರಶ್ನೆ ಪಕ್ವತೆಯದು. 500 ಕಿಲೋಮೀಟರ್ ಎತ್ತರಕ್ಕೆ 500 ಕಿಲೋ ಒಯ್ಯಬಲ್ಲ ರಾಕೆಟ್ ಇದು ಎನ್ನಲಾಗುತ್ತದೆ. ಗೆದ್ದ ಎರಡೂ ಹಾರಾಟಗಳಲ್ಲಿ ಅದು ಹೊತ್ತದ್ದು ಸುಮಾರು 175 ಕಿಲೋ. ಶ್ರೀಹರಿಕೋಟಾದಿಂದ ಧ್ರುವ ಕಕ್ಷೆಗೆ ಹೋಗಲು ಶ್ರೀಲಂಕಾವನ್ನು ಬಳಸಿ ತಿರುಗಬೇಕು, ಪುಟ್ಟ ರಾಕೆಟ್ಟಿಗೆ ಆ ತಿರುವು ದುಬಾರಿ. ಅದಕ್ಕಾಗಿಯೇ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ರ ಫೆಬ್ರವರಿ 28ರಂದು ಹೊಸ ಉಡಾವಣಾ ಕೇಂದ್ರಕ್ಕೆ ಅಡಿಗಲ್ಲು ಬಿತ್ತು. ಒಪ್ಪಂದದ 24 ತಿಂಗಳಲ್ಲಿ ಇಸ್ರೋ ಮಾರ್ಗದರ್ಶನದಡಿ ಎರಡು ಹಾರಾಟ ನಡೆಯಬೇಕಿದೆ. ಅವು ಎಷ್ಟು ಭಾರ ಹೊರುತ್ತವೆ, ಯಾವ ಕಡಲತೀರದಿಂದ ಏಳುತ್ತವೆ ಎಂಬುದನ್ನು ಆಸಕ್ತರು ಬರೆದಿಟ್ಟುಕೊಳ್ಳಬೇಕು.