ಬಂದು ಹೋಗುವ ಅಣ್ಣ-ಅಕ್ಕಂದಿರು

ಬಡವರಿಗೆ ಬೇಕಾದದ್ದು ಭಿಕ್ಷೆಯಲ್ಲ, ಒಬ್ಬ ಸ್ನೇಹಿತ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ಅಸೋಸಿಯೇಟೆಡ್ ಚಾರಿಟೀಸ್ ಎಂಬ ಸಂಸ್ಥೆ ಇದನ್ನೇ ಘೋಷವಾಕ್ಯ ಮಾಡಿಕೊಂಡಿತ್ತು. ಉಳ್ಳವರ ಮನೆಯ ಹೆಂಗಸರು ಆಗಾಗ ಕೂಲಿಕಾರರ ಕೇರಿಗೆ ಹೋಗಿ, ಮಕ್ಕಳ ಓದು, ಗಂಡನ ಕುಡಿತ, ಮನೆಯ ಖರ್ಚು ಎಲ್ಲ ವಿಚಾರಿಸಿ ಬುದ್ಧಿ ಹೇಳಿ ಬರುತ್ತಿದ್ದರು. ‘ಫ್ರೆಂಡ್ಲಿ ವಿಸಿಟರ್’ ಎಂದು ಅವರಿಗೆ ಹೆಸರು. ಇಂದು ಮೆಂಟರಿಂಗ್ ಎಂದು ಕರೆಸಿಕೊಳ್ಳುವ ಒಡನಾಟದ, ಹಾಗೆಯೇ ಸಾವಿರಾರು ಯುವಕ ಯುವತಿಯರನ್ನು ವಿಮಾನ ಹತ್ತಿಸಿ ಪರದೇಶದ ಬಡಮಕ್ಕಳ ಬಳಿಗೆ ಕಳಿಸುವ ಸೇವೆಯ ಬೇರು ಇಲ್ಲಿದೆ. ಬರುವವರ ಮನಸ್ಸು ಎಷ್ಟು ಒಳ್ಳೆಯದು ಎಂಬುದಕ್ಕಿಂತ ಅವರು ಎಷ್ಟು ಕಾಲ ಉಳಿಯುತ್ತಾರೆ ಎಂಬುದು ಮಕ್ಕಳಿಗೆ ಮುಖ್ಯ. ಇಷ್ಟನ್ನು ತಿಳಿಯಲು ಈ ಕ್ಷೇತ್ರಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ತಿಳಿದದ್ದನ್ನೂ ಅದು ನಡುನಡುವೆ ಮರೆಯಿತು.

ಬಾಸ್ಟನ್ನಿನವರು ಇದನ್ನು ತಾವೇ ಹುಟ್ಟುಹಾಕಿದ್ದೇನಲ್ಲ. ಜರ್ಮನಿಯ ಎಲ್ಬರ್‌ಫೆಲ್ಡ್ ಪಟ್ಟಣದಲ್ಲಿ 1853ರಿಂದಲೇ ಊರಿನ ಗೃಹಸ್ಥರು ತಲಾ ಕೆಲವು ಬಡ ಕುಟುಂಬಗಳ ಹೊಣೆ ಹೊತ್ತುಕೊಳ್ಳುತ್ತಿದ್ದರು. 1869ರಲ್ಲಿ ಲಂಡನ್ನಿನಲ್ಲಿ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಹುಟ್ಟಿತು, 1877ರಲ್ಲಿ ಅದೇ ಮಾದರಿ ಅಮೆರಿಕದ ಬಫೆಲೊ ನಗರಕ್ಕೆ ಬಂತು. ಇದರ ಪೊಳ್ಳನ್ನು ಮೊದಲು ಗುರುತಿಸಿದವರಲ್ಲಿ ಜೇನ್ ಆಡಮ್ಸ್ ಒಬ್ಬರು. ಒಂದು ದಿನವೂ ದುಡಿದು ತಿನ್ನದ ಹುಡುಗಿ ಬಟ್ಟೆ ಒಗೆದು ಸಂಸಾರ ನಡೆಸುವ ಹೆಂಗಸಿಗೆ ದುಡಿಮೆಯ ಮಹಿಮೆ ಹೇಳುವ ವಿಪರ್ಯಾಸದ ಬಗ್ಗೆ ಅವರು 1899ರಷ್ಟು ಹಿಂದೆಯೇ ಬರೆದರು. ಕೇರಿಯಲ್ಲಿ ಪಕ್ಕದ ಮನೆಯವಳು ಲೆಕ್ಕ ನೋಡದೆ ಒಂದು ಹಿಡಿ ಹಿಟ್ಟು ಕೊಡುತ್ತಾಳೆ. ಈ ಸಂದರ್ಶಕಿ ಮಾತ್ರ ಎಲ್ಲವನ್ನೂ ತೂಗಿ ಅಳೆದು ಕೊಡುತ್ತಾಳೆ, ಬಡವರ ಕಣ್ಣಿಗೆ ಅದು ಸ್ನೇಹವಾಗಿ ಕಾಣುವುದೇ ಇಲ್ಲ ಎಂಬುದು ಅವರ ತಕರಾರು. ಓದಿದವರು ಬಡವರ ನಡುವೆಯೇ ನೆಲೆಸಲೆಂದು ಲಂಡನ್ನಿನಲ್ಲಿ 1884ರಲ್ಲಿ ಶುರುವಾಗಿದ್ದ ಟಾಯ್ನ್‌ಬೀ ಹಾಲ್ ನೋಡಿ ಬಂದಿದ್ದ ಆಡಮ್ಸ್, 1889ರಲ್ಲಿ ಶಿಕಾಗೋದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ತೆರೆದು ಅಲ್ಲೇ ವಾಸಕ್ಕೆ ನಿಂತರು. ಬಂದು ಹೋಗುವವರು ನೆರೆಯವರಾದ ದೊಡ್ಡ ಪ್ರಯೋಗ ಅದು.

ಮಕ್ಕಳಿಗೆಂದೇ ಒಬ್ಬೊಬ್ಬರನ್ನು ಜೋಡಿಸುವ ಪದ್ಧತಿ ಬಂದದ್ದು ನ್ಯಾಯಾಲಯದ ಕಡೆಯಿಂದ. ನ್ಯೂಯಾರ್ಕಿನ ಬಾಲಾಪರಾಧಿ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೋಲ್ಟರ್, ಕಟಕಟೆಗೆ ಬಂದು ನಿಲ್ಲುವ ಹುಡುಗರನ್ನು ದಿನವೂ ನೋಡುತ್ತಿದ್ದರು. 1904ರ ಡಿಸೆಂಬರಿನಲ್ಲಿ ಚರ್ಚೊಂದರ ಪುರುಷರ ಕೂಟದಲ್ಲಿ ಅವರು ಈ ಮಾತೆತ್ತಿದಾಗ ಸುಮಾರು 40 ಮಂದಿ ತಲಾ ಒಬ್ಬ ಹುಡುಗನಿಗೆ ಅಣ್ಣನಾಗಲು ಒಪ್ಪಿಕೊಂಡರು. ‘ಬಿಗ್ ಬ್ರದರ್ಸ್’ ಚಳವಳಿ ಹುಟ್ಟಿದ್ದು ಹೀಗೆ. ಅದು 1977ರಲ್ಲಿ ಹುಡುಗಿಯರ ‘ಬಿಗ್ ಸಿಸ್ಟರ್ಸ್’ ಜೊತೆ ಒಂದಾಯಿತು.

ಇದರಿಂದ ಮಕ್ಕಳಿಗೆ ನಿಜಕ್ಕೂ ಒಳ್ಳೆಯದಾಗುತ್ತದೆಯೇ ಎಂದು ಬಹುಕಾಲ ಯಾರೂ ಕೇಳಲಿಲ್ಲ. ಕೇಳಿದವರು ಹಾರ್ವರ್ಡಿನ ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಬಾಸ್ಟನ್ ಪಕ್ಕದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಎಂಬ ಕಾರ್ಮಿಕರ ಊರುಗಳಲ್ಲಿ ಅವರು ಹೂಡಿದ ಅಧ್ಯಯನ 1939ರಲ್ಲಿ ಕೆಲಸಕ್ಕಿಳಿಯಿತು. ಒಂದೇ ಬಗೆಯ ಹಿನ್ನೆಲೆಯ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಬ್ಬನನ್ನು ಸಹಾಯದ ಗುಂಪಿಗೆ ಹಾಕಿ ಇನ್ನೊಬ್ಬನನ್ನು ಹಾಗೇ ಬಿಟ್ಟರು. ಕೊನೆಯವರೆಗೆ ಲೆಕ್ಕದಲ್ಲಿ ಉಳಿದವರು 506 ಹುಡುಗರು. ಸಲಹೆಗಾರರು ಸರಾಸರಿ ಐದೂವರೆ ವರ್ಷ, ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಲ ಮನೆಗೆ ಹೋದರು, ಪಾಠ ಹೇಳಿಕೊಟ್ಟರು, ಡಾಕ್ಟರ ಬಳಿ ಕರೆದೊಯ್ದರು, ಬೇಸಿಗೆ ಶಿಬಿರಕ್ಕೆ ಕಳಿಸಿದರು. ಇವರು ಸಂಬಳದ ಸಮಾಜಕಾರ್ಯಕರ್ತರು, ಸ್ವಯಂಸೇವಕರಲ್ಲ. ಅಂದರೆ ಕೆಲಸ ಕಾಟಾಚಾರದ್ದಾಗಿರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿಕೊಂಡು ಹೊರಟರು. ಅವರೆಲ್ಲ ಆಗ ನಡುವಯಸ್ಸಿನ ಗಂಡಸರು. ಸಹಾಯ ಪಡೆದವರಲ್ಲಿ ಮೂರನೇ ಎರಡು ಪಾಲು ಜನ, ಆ ಯೋಜನೆಯಿಂದ ನಮಗೆ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆಯೇ ಹೇಳಿದವು. 1978ರಲ್ಲಿ ಪ್ರಕಟವಾದ ಆಕೆಯ ವರದಿಯ ಪ್ರಕಾರ ಎರಡನೇ ಸಲ ಅಪರಾಧ ಮಾಡಿದ್ದು, ಕುಡಿತಕ್ಕೆ ಬಿದ್ದದ್ದು, ಬೇಗ ಸತ್ತದ್ದು ಸಹಾಯ ಪಡೆದವರಲ್ಲೇ ಹೆಚ್ಚು. ಕಾರಣದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಹಾನಿ ಎದ್ದು ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ ಎಂದು ಮೆಕಾರ್ಡ್ ಮುಂದೆ ತೋರಿಸಿದರು. ತುಂಟರನ್ನೆಲ್ಲ ಒಂದೆಡೆ ಕೂಡಿಸಿದರೆ ಒಬ್ಬರಿಂದೊಬ್ಬರು ಏನು ಕಲಿಯುತ್ತಾರೆಂಬುದು ಯಾವ ಹಾಸ್ಟೆಲ್ ವಾರ್ಡನ್ನಿಗೂ ಗೊತ್ತಿರುವ ಸಂಗತಿ. ಸಹಾಯ ಪಡೆದವರ ಮೆಚ್ಚುಗೆ ಸಹಾಯದ ಫಲಕ್ಕೆ ಪುರಾವೆಯಾಗದು ಎಂಬುದು ಇಲ್ಲಿ ಸಿಕ್ಕ ಪಾಠ. ಸಂಸ್ಥೆಗಳ ವಾರ್ಷಿಕ ವರದಿಗಳು ಇಂದಿಗೂ ಮೆಚ್ಚುಗೆಯ ಮಾತುಗಳಿಂದಲೇ ತುಂಬಿರುತ್ತವೆ.

ಈ ನಡುವೆ ಸೇವೆ ಗಡಿ ದಾಟಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವೆರ್ಡನ್ ಬಳಿಯ ಹಾಳುಬಿದ್ದ ಹಳ್ಳಿಗೆ ಬೇರೆ ಬೇರೆ ದೇಶದವರನ್ನು ಕರೆತಂದು ಮನೆ ಕಟ್ಟಲು ತೊಡಗಿದರು. 1934ರ ಬಿಹಾರ ಭೂಕಂಪದ ನಂತರ ಅವರು ಇಲ್ಲಿಗೂ ಬಂದು ಕೆಲಸ ಮಾಡಿದ್ದುಂಟು. 1958ರಲ್ಲಿ ಬ್ರಿಟನ್ನಿನ ಅಲೆಕ್ ಡಿಕ್ಸನ್ ಆರಂಭಿಸಿದ ವಿಎಸ್‌ಒ ಎಂಬ ಸ್ವಯಂಸೇವಾ ಸಂಸ್ಥೆ, ಶಾಲೆ ಮುಗಿಸಿ ಕಾಲೇಜು ಸೇರುವ ಮೊದಲಿನ ಹದಿನೆಂಟರ ಹುಡುಗರನ್ನು ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸಿತು. 1961ರಲ್ಲಿ ಅಧ್ಯಕ್ಷ ಕೆನಡಿ ಅಮೆರಿಕದ ಸ್ವಯಂಸೇವಕರ ಪಡೆ ಪೀಸ್ ಕೋರ್ ಸ್ಥಾಪಿಸಿದರು. ಅವಧಿ ಎರಡು ವರ್ಷ, ಹೊರಡುವ ಮೊದಲು ಭಾಷೆಯ ತರಬೇತಿ. 1976ರವರೆಗೆ ಭಾರತದಲ್ಲಿದ್ದ ಈ ಪಡೆಯವರು ಆಗಿನ ಮೈಸೂರು ರಾಜ್ಯಕ್ಕೂ ಬಂದರು.

ಪೀಸ್ ಕೋರಿನ ಮೊದಲ ಕಹಿ ನೈಜೀರಿಯಾದಲ್ಲಿ ಆಯಿತು. 1961ರ ಅಕ್ಟೋಬರಿನಲ್ಲಿ ಇಬಾದಾನಿನ ವಿಶ್ವವಿದ್ಯಾಲಯದಲ್ಲಿ ತರಬೇತಿಯಲ್ಲಿದ್ದ ಯುವತಿಯೊಬ್ಬಳು ಊರಿಗೊಂದು ಪೋಸ್ಟ್‌ಕಾರ್ಡ್ ಬರೆದಳು. ಅಲ್ಲಿನ ಬದುಕಿನ ಕೊಳಕನ್ನು ಕಂಡು ಬೆಚ್ಚಿದ್ದನ್ನು ಅದರಲ್ಲಿ ಹೇಳಿದ್ದಳು. ಕಾರ್ಡು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅವರು ಅದರ ಪ್ರತಿ ತೆಗೆದು ಹಂಚಿ ಪ್ರತಿಭಟನೆಗಿಳಿದರು. ಅವಳು ಸುಳ್ಳು ಬರೆದಿರಲಿಲ್ಲ ಎಂದು ವಾದಿಸಬಹುದು. ಆದರೆ ಆ ವಿದ್ಯಾರ್ಥಿಗಳ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೇ ವರ್ಷವಾಗಿತ್ತು, ನೆರವಿಗೆಂದು ಬಂದವಳು ಮನೆಗೆ ಏನು ವರದಿ ಮಾಡುತ್ತಾಳೆ ಎಂಬುದು ಅವರಿಗೆ ಮಾನದ ಪ್ರಶ್ನೆ. ಇಂದು ಪೋಸ್ಟ್‌ಕಾರ್ಡಿನ ಜಾಗದಲ್ಲಿ ಇನ್‌ಸ್ಟಾಗ್ರಾಂ ಇದೆ. ಚಿತ್ರದಲ್ಲಿರುವ ಮಕ್ಕಳಿಗೆ ಪ್ರತಿಭಟಿಸುವ ದಾರಿ ಮಾತ್ರ ಇಲ್ಲ.

1968ರ ಏಪ್ರಿಲಿನಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಎದುರು ಚಿಂತಕ ಇವಾನ್ ಇಲಿಚ್ ಮಾಡಿದ ಭಾಷಣ ಈ ಕ್ಷೇತ್ರದ ಅತ್ಯಂತ ಖಾರವಾದ ಮಾತು. ಬನ್ನಿ, ನೋಡಿ, ಕಲಿಯಿರಿ. ಸಹಾಯ ಮಾಡಲೆಂದು ಮಾತ್ರ ಬರಬೇಡಿ ಎಂಬುದು ಅದರ ಸಾರ. ಇಲಿಚ್ ಮಾತು ಅತಿಯಾಯಿತು ಎಂದೇ ನನಗನ್ನಿಸುತ್ತದೆ. ಎರಡು ವರ್ಷ ಇದ್ದು ಭಾಷೆ ಕಲಿತವರನ್ನೂ ಹದಿನೈದು ದಿನಕ್ಕೆ ಬಂದವರನ್ನೂ ಅವರು ಒಂದೇ ಕೋಲಿನಲ್ಲಿ ಹೊಡೆದರು. ಆದರೆ ಮುಂದಿನ ಮೂವತ್ತು ವರ್ಷದಲ್ಲಿ ಗೆದ್ದದ್ದು ಹದಿನೈದು ದಿನದವರೇ. ವಿಮಾನಯಾನ ಅಗ್ಗವಾಯಿತು, ಕಾಲೇಜು ಪ್ರವೇಶದ ಅರ್ಜಿಗೆ ಸೇವೆಯ ಅನುಭವ ಬೇಕಾಯಿತು, ದುಡ್ಡು ಕಟ್ಟಿಸಿಕೊಂಡು ಸ್ವಯಂಸೇವೆ ಮಾಡಿಸುವ ಕಂಪನಿಗಳು ಹುಟ್ಟಿದವು.

ಈ ಅಲ್ಪಾವಧಿಯ ಸೇವೆಗೆ ದೊಡ್ಡ ತಿರುವು ಕೊಟ್ಟದ್ದು ರೊಮೇನಿಯಾ. ಜನಸಂಖ್ಯೆ ಹೆಚ್ಚಿಸಬೇಕೆಂದು ಸರ್ವಾಧಿಕಾರಿ ಚೌಸೆಸ್ಕುವಿನ ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿತ್ತು. ಸಾಕಲಾಗದವರು ಮಕ್ಕಳನ್ನು ಸರ್ಕಾರಿ ಪಾಲನಾಗೃಹಗಳಲ್ಲಿ ಬಿಟ್ಟರು. 1989ರ ಡಿಸೆಂಬರಿನಲ್ಲಿ ಆತನ ಆಡಳಿತ ಕುಸಿದಾಗ ಅಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಕಬ್ಬಿಣದ ಮಂಚಗಳಲ್ಲಿ ಒಂದೇ ಸಮನೆ ತೂಗಾಡುತ್ತ ಕೂತ ಕೂಸುಗಳನ್ನು ಟಿವಿಯಲ್ಲಿ ಕಂಡ ಪಶ್ಚಿಮ ಯುರೋಪಿನ ಜನ ಲಾರಿಗಳಲ್ಲಿ ಹಾಲಿನ ಪುಡಿ, ಹೊದಿಕೆ, ಆಟಿಕೆ ತುಂಬಿಕೊಂಡು ಬಂದರು. ಕೆಲವು ವಾರ ಇದ್ದು ಮಕ್ಕಳನ್ನು ಎತ್ತಿ ಆಡಿಸಿ ವಾಪಸಾದರು.

ಅಲ್ಲಿಗೆ ಹೋದವರೆಲ್ಲ ಹೇಳುವ ಒಂದು ಅನುಭವವಿದೆ. ಬಾಗಿಲು ತೆರೆದದ್ದೇ ತಡ, ಎಂದೂ ನೋಡದ ಮಕ್ಕಳು ಓಡಿಬಂದು ಕಾಲು ತಬ್ಬಿಕೊಳ್ಳುತ್ತವೆ, ತೊಡೆಯೇರುತ್ತವೆ, ಕೈ ಬಿಡುವುದೇ ಇಲ್ಲ. ಬಂದವರ ಕರುಳು ಚುರ್ರೆನ್ನುತ್ತದೆ. ಎಷ್ಟು ಪ್ರೀತಿ, ಎಷ್ಟು ಹಸಿವು ಎಂದುಕೊಳ್ಳುತ್ತಾರೆ. ಮಕ್ಕಳ ಮನಸ್ಸನ್ನು ಬಲ್ಲವರು ಇದನ್ನು ಗಾಯವೆಂದು ಓದುತ್ತಾರೆ. ಮನೆಯಲ್ಲಿ ಬೆಳೆದ ಎರಡು ಮೂರು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಆಮೇಲೆ ಮೆಲ್ಲಗೆ ಇಣುಕುತ್ತದೆ. ಯಾರ ತೊಡೆಯನ್ನಾದರೂ ಏರುವ ಮಗುವಿಗೆ ತನ್ನದೆಂಬ ತೊಡೆ ಯಾವತ್ತೂ ಇರಲಿಲ್ಲ. ಲಂಡನ್ನಿನ ಪಾಲನಾಗೃಹಗಳ ಮಕ್ಕಳಲ್ಲಿ ಮನೋವಿಜ್ಞಾನಿ ಬಾರ್ಬರಾ ಟಿಜಾರ್ಡ್ 1970ರ ದಶಕದಲ್ಲೇ ಇದನ್ನು ದಾಖಲಿಸಿದ್ದರು. ಮೂರು ವಾರ ಮುದ್ದಿಸಿ ಹೊರಟುಹೋಗುವ ಪ್ರತಿಯೊಬ್ಬ ಅಕ್ಕನೂ ಆ ಗಾಯವನ್ನು ಇನ್ನಷ್ಟು ಕೆದಕುತ್ತಾಳೆ. ಏಡ್ಸ್ ಅನಾಥರನ್ನು ನೋಡಲು ದಕ್ಷಿಣ ಆಫ್ರಿಕಾ ಭಾಗಕ್ಕೆ ಬರುವ ಪ್ರವಾಸಿಗರ ಕುರಿತು ಲಿಂಡಾ ರಿಕ್ಟರ್ ಮತ್ತು ಆಮಿ ನಾರ್ಮನ್ 2010ರಲ್ಲಿ ಎತ್ತಿದ ಆಕ್ಷೇಪವೂ ಇದೇ.

ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಲ್ಲಿ 2000ದಲ್ಲಿ ಶುರುವಾದ ಅಧ್ಯಯನ ಮುಂದಿನ ದಾರಿ ತೋರಿಸಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ ಪಾಲನಾಗೃಹದ 136 ಕೂಸುಗಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟನ್ನು ಸಾಕು ಕುಟುಂಬಗಳಿಗೆ ಕೊಡಿಸಿದರು. ಬುದ್ಧಿಯ ಬೆಳವಣಿಗೆಯಲ್ಲೂ ಹಚ್ಚಿಕೊಳ್ಳುವ ಸಾಮರ್ಥ್ಯದಲ್ಲೂ ಕುಟುಂಬದ ಮಕ್ಕಳು ಮುಂದೆ ಹೋದರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಇನ್ನೂ ಹೆಚ್ಚು. ಬೋಸ್ನಿಯಾದ ಯುದ್ಧದ ಹೊತ್ತಿನಲ್ಲಿ ಅನಾಥಾಲಯ ಕಟ್ಟಲು ಹೊರಟಿದ್ದ ಬ್ರಿಟನ್ನಿನ ಹೋಪ್ ಅಂಡ್ ಹೋಮ್ಸ್ ಫಾರ್ ಚಿಲ್ಡ್ರನ್ ಕೆಲವೇ ವರ್ಷಗಳಲ್ಲಿ ರೊಮೇನಿಯಾದಲ್ಲಿ ಅನಾಥಾಲಯಗಳನ್ನು ಮುಚ್ಚಿಸಿ ಮಕ್ಕಳನ್ನು ಮನೆ ಸೇರಿಸುವ ಕೆಲಸ ಹಿಡಿಯಿತು. ತನ್ನ ಮೂಲ ಯೋಜನೆಯನ್ನೇ ತಿರುಗಿಸಿ ಹಾಕುವ ಧೈರ್ಯ ದತ್ತಿ ಸಂಸ್ಥೆಗಳಲ್ಲಿ ಅಪರೂಪ.

ಏಷ್ಯಾದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿತ್ತು. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳು 154ರಿಂದ 269ಕ್ಕೆ ಏರಿದವು. ಅಲ್ಲಿದ್ದ ನಾಲ್ವರಲ್ಲಿ ಸುಮಾರು ಮೂವರು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಯುದ್ಧ ಎಂದೋ ಮುಗಿದಿತ್ತು, ಅನಾಥರು ಎಲ್ಲಿಂದ ಹೆಚ್ಚಿದರು? ಹೆಚ್ಚಿದ್ದು ಪ್ರವಾಸಿಗರು. ನೇಪಾಳದಲ್ಲೂ ಇಂಥ ಗೃಹಗಳ ಬಹುಪಾಲು ವಿದೇಶಿಯರು ಓಡಾಡುವ ಕೆಲವೇ ಜಿಲ್ಲೆಗಳಲ್ಲಿದ್ದವು. ಹುಮ್ಲಾದಂಥ ದೂರದ ಗುಡ್ಡಗಾಡಿನ ತಂದೆತಾಯಿಗೆ ಕಾಠ್ಮಂಡುವಿನಲ್ಲಿ ಒಳ್ಳೆಯ ಶಾಲೆಯ ಆಸೆ ತೋರಿಸಿ, ಹಣವನ್ನೂ ಕಿತ್ತು ಮಕ್ಕಳನ್ನು ಕರೆತರುವ ದಲ್ಲಾಳಿಗಳಿದ್ದರು. ಕಾಗದದ ಮೇಲೆ ಆ ಮಕ್ಕಳು ಅನಾಥರಾಗುತ್ತಿದ್ದರು. 2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿ ತಡೆ ಕಾಯ್ದೆ ತರುವಾಗ ಅನಾಥಾಲಯಗಳಿಗಾಗಿ ನಡೆಯುವ ಈ ಸಾಗಣೆಯೂ ಚರ್ಚೆಗೆ ಬಂತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಸ್ವಯಂಸೇವೆಯ ಅಪಾಯವನ್ನು ಹೆಸರಿಸಿಯೇ ಹೇಳಿತು.

ಹಾಗಾದರೆ ಮೆಂಟರಿಂಗ್ ಎಂಬುದೇ ವ್ಯರ್ಥವೇ? ಅಲ್ಲ. ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ 959 ಮಕ್ಕಳನ್ನು ಒಂದೂವರೆ ವರ್ಷ ಹಿಂಬಾಲಿಸಿದ ಅಧ್ಯಯನ 1995ರಲ್ಲಿ ಹೊರಬಂತು. ಅಣ್ಣನೋ ಅಕ್ಕನೋ ಸಿಕ್ಕವರು ಮಾದಕ ವಸ್ತುವಿಗೆ ಕೈಹಾಕುವ ಸಾಧ್ಯತೆ, ಸರದಿಯಲ್ಲಿ ಕಾಯುತ್ತಿದ್ದವರಿಗಿಂತ ಶೇ. 46ರಷ್ಟು ಕಡಿಮೆ ಇತ್ತು. ಅದೇ ಅಂಕಿಅಂಶಗಳನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಮತ್ತೆ ಕೆದಕಿದಾಗ ಅಸಲು ಗುಟ್ಟು ಹೊರಬಿತ್ತು. ಒಂದು ವರ್ಷ ದಾಟಿದ ನಂಟಿನಲ್ಲಿ ಲಾಭ ಅತಿ ಹೆಚ್ಚು. ಮೂರು ತಿಂಗಳೊಳಗೆ ಮುರಿದ ನಂಟಿನಲ್ಲಿ ಮಗುವಿನ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು. ಬಂದು ಬಿಟ್ಟುಹೋಗುವುದಕ್ಕಿಂತ ಬಾರದಿರುವುದೇ ವಾಸಿ ಎಂದಾಯಿತು.

ಈ ಪಾಠದ ಮೇಲೆ ಹೊಸ ಕಾಲದ ಒಳ್ಳೆಯ ಕೆಲಸಗಳು ನಿಂತಿವೆ, ಅವುಗಳಲ್ಲಿ ಹೆಚ್ಚಿನವು ಹೊರಗಿನವರನ್ನು ನೆಚ್ಚಿಕೊಂಡಿಲ್ಲ. ಜಿಂಬಾಬ್ವೆಯ ಜ್ವಾಂಡಿರಿ ಕಾರ್ಯಕ್ರಮದಲ್ಲಿ ಎಚ್‌ಐವಿ ಸೋಂಕಿರುವ ಹದಿಹರೆಯದವರ ಮನೆಗೆ ಹೋಗುವವರು ಅದೇ ಸೋಂಕಿನೊಂದಿಗೆ ಬದುಕುತ್ತಿರುವ, ಅದೇ ಸೀಮೆಯ ಹದಿನೆಂಟರಿಂದ ಇಪ್ಪತ್ತನಾಲ್ಕರ ಯುವಕ ಯುವತಿಯರು. ಮಾತ್ರೆ ನುಂಗಲು ಬೇಸರವಾಗುವುದು ಏಕೆ, ಶಾಲೆಯಲ್ಲಿ ಅದನ್ನು ಬಚ್ಚಿಡುವುದು ಹೇಗೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 16 ಆರೋಗ್ಯ ಕೇಂದ್ರಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು: ಚಿಕಿತ್ಸೆ ಫಲಿಸದವರು ಅಥವಾ ತೀರಿಕೊಂಡವರ ಪ್ರಮಾಣ ಶೇ. 42ರಷ್ಟು ಇಳಿದಿತ್ತು. 1993ರಲ್ಲಿ ಅದೇ ದೇಶದ 32 ಹುಡುಗಿಯರ ಶಾಲೆಯ ಖರ್ಚು ವಹಿಸಿ ಆರಂಭವಾದ ಕ್ಯಾಮ್‌ಫೆಡ್ ಇಂದು ತನ್ನಲ್ಲಿ ಓದಿದವರನ್ನೇ ಕಿರಿಯರ ಮಾರ್ಗದರ್ಶಕರನ್ನಾಗಿ ಶಾಲೆಗಳಿಗೆ ಕಳಿಸುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಮೆಂಟರ್ ಟುಗೆದರ್ ಕೂಡ ಉದ್ಯೋಗಸ್ಥರನ್ನು ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಒಬ್ಬರಿಗೊಬ್ಬರಂತೆ ಜೋಡಿಸುತ್ತದೆ.

ನಮ್ಮಲ್ಲಿ ಹೆಚ್ಚು ಕಾಣುವುದು ಬೇರೆಯದೇ ಬಗೆ. ಮಗನ ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಕೇಕು, ಕಂಪನಿಯ ಟೀ ಶರ್ಟು ತೊಟ್ಟ ಇಪ್ಪತ್ತು ಜನ, ಸಾಲಾಗಿ ನಿಂತು ಹಾಡುವ ಮಕ್ಕಳು, ಊಟ, ಒಂದು ಗ್ರೂಪ್ ಫೋಟೊ. ಆ ಫೋಟೊ ವಾಟ್ಸ್ಆ್ಯಪಿಗೆ ಹೋಗುವ ಮೊದಲು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು ತಿಳಿದಿರಲಿ: ಪಾಲನೆ, ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಯಲು ಮಾಡುವಂತಿಲ್ಲ, ಮಾಡಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಬೇಸಿಗೆ ರಜೆಗೆ ಮಕ್ಕಳನ್ನು ಊರಿನ ಕಡೆ ‘ಸೇವೆಗೆ’ ಕಳಿಸುವ ರೂಢಿ ಬೆಳೆದಿದೆ. ಕಳಿಸಿ, ತಪ್ಪಿಲ್ಲ. ಅಜ್ಜಿಯ ಮನೆಯಲ್ಲಿರಲಿ, ಊರಿನ ಶಾಲೆಯ ಮಕ್ಕಳ ಜೊತೆ ಆಡಲಿ, ಕನ್ನಡ ಕಲಿಯಲಿ. ಅನಾಥಾಲಯದ ಬಾಗಿಲಿಗೆ ಮಾತ್ರ ಒಯ್ಯಬೇಡಿ. ಒಂದು ಮಗುವಿನ ಓದಿಗೆ ಜೊತೆಯಾಗುವ ಮನಸ್ಸಿದ್ದರೆ ಕನಿಷ್ಠ ಒಂದು ವರ್ಷ, ವಾರಕ್ಕೊಂದು ಗಂಟೆ ಫೋನಿನಲ್ಲಿ ಸಿಗುತ್ತೇನೆಂದು ಮಾತು ಕೊಡಿ, ಕೊಟ್ಟ ಮೇಲೆ ತಪ್ಪಿಸಬೇಡಿ. ಹಣವನ್ನೇ ಕೊಡುವುದಾದರೆ ಮಗು ಮನೆಯಲ್ಲೇ ಉಳಿಯುವಂಥ ನೆರವಿಗೆ ಕೊಡಿ. ತಾಯಿಯ ಬಳಿಯೋ ಬಂಧುಗಳ ಬಳಿಯೋ ಮಗು ಉಳಿಯಲೆಂದು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆ ಕೊಡುವ ಪ್ರಾಯೋಜಕತ್ವದ ನೆರವು ತಿಂಗಳಿಗೆ 4,000 ರೂಪಾಯಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೋಗಿಬರುವ ಒಂದು ಟಿಕೆಟ್ಟಿಗೆ ಲಕ್ಷ ರೂಪಾಯಿ ತೆತ್ತರೆ, ಅದು ಆ ಲೆಕ್ಕದಲ್ಲಿ ಒಂದು ಮಗುವಿನ ಎರಡು ವರ್ಷದ ನೆರವು.