ಬೆನ್ನು ಬಗ್ಗಿಸದ ದಾರಿಗಳು

ಸೊರಬ, ಶಿಕಾರಿಪುರದ ಕಡೆ ಮಲೆನಾಡು ಇಳಿದು ಬಯಲುಸೀಮೆ ಶುರುವಾಗುತ್ತದೆ. ಇಲ್ಲಿ ಒಂದೇ ಭತ್ತಕ್ಕೆ ಎರಡು ಬಗೆಯ ದುಡಿಮೆ ಉಂಟು. ಮಳೆ ಜೋರಿರುವ ಕಡೆ ಸಸಿಮಡಿ ಮಾಡಿ, ಸಸಿ ಕಿತ್ತು, ಕೆಸರುಗದ್ದೆಯಲ್ಲಿ ನಾಟಿ. ಮೂಡಲಿಗೆ ಸರಿದಂತೆ ಮುಂಗಾರಿನ ಮೊದಲ ಹದಕ್ಕೇ ಕೂರಿಗೆ ಬಿತ್ತನೆ. ಕೂರಿಗೆ ನೋಡಲಿಕ್ಕೆ ಸರಳ: ಮೇಲೆ ಬೀಜ ಹಾಕುವ ಬಟ್ಟಲು, ಅದರಿಂದಿಳಿಯುವ ಕೊಳವೆಗಳು, ಕೆಳಗೆ ನೆಲ ಸೀಳುವ ತಾಳುಗಳು. ಎತ್ತು ನಡೆದಂತೆ ಬೀಜ ಸಾಲಾಗಿ ಬೀಳುತ್ತದೆ. ಲಾಭ ತಿಳಿಯುವುದು ಬಿತ್ತನೆಯ ದಿನವಲ್ಲ, ಕಳೆ ಏಳುವ ಹೊತ್ತಿಗೆ. ಸಾಲು ಇರುವುದರಿಂದ ನಡುವೆ ಎಡೆಕುಂಟೆ ಹೊಡೆಯಬಹುದು. ಕೂತು ಕೀಳಬೇಕಾದ ಕಳೆಯಲ್ಲಿ ಬಹುಪಾಲು ಎತ್ತುಗಳ ಪಾಲಿಗೆ ಹೋಗುತ್ತದೆ. ಕೈಯಿಂದ ಎರಚಿ ಬಿತ್ತಿದ ಹೊಲದಲ್ಲಿ ಇದು ಆಗದು. ಕೂರಿಗೆಯನ್ನು ಮೊದಲು ಯೋಚಿಸಿದವರು ಯಾರೇ ಇರಲಿ, ಕಳೆ ಕಿತ್ತು ಬೇಸತ್ತವರೇ ಇರಬೇಕು ಎಂದು ನನಗನ್ನಿಸುತ್ತದೆ.

ಈ ಬೇಸರಕ್ಕೊಂದು ಇತಿಹಾಸವಿದೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಲು ಒಲ್ಲದ ಮನಸ್ಸನ್ನು ನಾವು ಸೋಮಾರಿತನವೆಂದು ಬೈದು ಮುಗಿಸಿದ್ದೇವೆ. ಆದರೆ ಕೆಲಸ ಹಗುರಾದ ಕಡೆಯಲ್ಲೆಲ್ಲ ಈ ಒಲ್ಲೆನೆಂಬ ಮನಸ್ಸು ಹಿಂದೆ ನಿಂತಿದೆ. ಅದರ ಬೆಲೆ ಕಟ್ಟುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಉಳಿತಾಯವಾದ ದುಡಿಮೆ ನಿಜವಾಗಿ ಇಲ್ಲವಾಯಿತೋ, ಅಥವಾ ಇನ್ನೊಬ್ಬರ ಹೆಗಲಿಗೆ ದಾಟಿತೋ?

ಈ ನೆಲದ ಹಳೆಯ ಉತ್ತರ ಕೆರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಕಂಬದ ಶಾಸನವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಬರೆದ ಆ ಶಾಸನ, ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಏತದಲ್ಲಿ ನೀರೆತ್ತುವವರು ಬೆಳೆ ಬರುವವರೆಗೂ ಎತ್ತುತ್ತಲೇ ಇರಬೇಕು. ಇಳಿಜಾರು ನೋಡಿ ಏರಿ ಹಾಕಿದರೆ ನೀರು ತೂಬಿನಿಂದ ತಾನೇ ಇಳಿದು ಗದ್ದೆ ಸೇರುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಇಡೀ ಅಚ್ಚುಕಟ್ಟಿಗೆ ನೀರು ಹಂಚಲು ಒಬ್ಬ ನೀರುಗಂಟಿ ಸಾಕಾಗುತ್ತಿದ್ದ. ಹೂಳು ತೆಗೆಯುವ ಕೆಲಸವನ್ನು ಮುಂದೂಡಿದ ಊರುಗಳಲ್ಲಿ ಅದೇ ಕೆರೆ ಬಯಲಾಯಿತು. ಅದೂ ಸೋಮಾರಿತನವೇ, ಆದರೆ ಅದರ ಸಾಲ ಮೊಮ್ಮಕ್ಕಳ ತಲೆಗೆ ಬಂತು.

ಯುರೋಪಿನಲ್ಲಿ ಈ ವಿಷಯ ಪುಸ್ತಕಕ್ಕೆ ಬಂದದ್ದು ಒಬ್ಬ ಹುಡುಗನ ಕಥೆಯಾಗಿ. ಉಗಿಯಂತ್ರದ ಕವಾಟವನ್ನು ಹೊತ್ತುಹೊತ್ತಿಗೆ ತೆರೆದು ಮುಚ್ಚುವ ಕೆಲಸಕ್ಕಿದ್ದ ಹುಡುಗ, ಆಟಕ್ಕೆ ಹೋಗುವ ಆಸೆಯಿಂದ ಕವಾಟಕ್ಕೂ ಯಂತ್ರದ ಇನ್ನೊಂದು ಭಾಗಕ್ಕೂ ದಾರ ಕಟ್ಟಿದ. ಯಂತ್ರ ತನ್ನ ಕೆಲಸ ತಾನೇ ಮಾಡಿಕೊಂಡಿತು. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ನಡೆದದ್ದು ಹೀಗೆಯೇ ಎಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ತಾನೇ ತೆರೆದು ಮುಚ್ಚುವ ಸಾಧನದ ಆಸೆ ನಿಜವಾದದ್ದು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಎಂ. ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ನೀರು ಗೊತ್ತಾದ ಮಟ್ಟ ಮುಟ್ಟಿದಾಗ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ವಿಶ್ರಾಂತಿಯನ್ನೇ ಅರಿಯದ ಮನುಷ್ಯ, ಬೇರೆಯವರು ನಿದ್ದೆಗೆಟ್ಟು ಕಾಯಬೇಕಾದ ಕೆಲಸವನ್ನು ನೀರಿಗೇ ವಹಿಸಿದರು.

ದುಡಿಮೆ ಹಗುರ ಮಾಡುವುದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮುಖ್ಯ. ಹದಿನೇಳರ ಪ್ರಾಯದಲ್ಲಿ ಇಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದ ಆತ, ಒಂದೊಂದು ಇಟ್ಟಿಗೆಗೂ ಗಾರೆಯವರ ಕೈ ಮೈ ಎಷ್ಟು ಸಲ ಆಡುತ್ತದೆ ಎಂದು ಎಣಿಸತೊಡಗಿದ. ಸುಲಭದ ದಾರಿ ಬೇಕಿದ್ದರೆ ಸೋಮಾರಿ ಕೆಲಸಗಾರನನ್ನು ನೋಡಬೇಕು ಎಂಬುದು ಅವನ ನಂಬಿಕೆಯಾಗಿತ್ತು ಎನ್ನುತ್ತಾರೆ. 18 ಚಲನೆಗಳು 5ಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವರು 350 ಇಡುವಂತಾದರು. ಆತ ಕೆಲಸಗಾರರನ್ನು ಓಡಿಸಲಿಲ್ಲ. ಇಟ್ಟಿಗೆ, ಗಾರೆಯನ್ನು ಸೊಂಟದೆತ್ತರಕ್ಕೆ ತರುವ ಅಟ್ಟಣೆ ಮಾಡಿದ. ಪ್ರತಿ ಇಟ್ಟಿಗೆಗೂ ಬಗ್ಗುವುದು ತಪ್ಪಿತು. ಫ್ರೆಡರಿಕ್ ಟೇಲರ್ ಈ ಲೆಕ್ಕವನ್ನು 1911ರ ತನ್ನ ಪುಸ್ತಕದಲ್ಲಿ ಮೆಚ್ಚಿ ಬರೆದ. ಆದರೆ ಕೆಲಸಗಾರನ ನಿಧಾನವನ್ನು ಟೇಲರ್ ಕಂಡದ್ದು ಮುರಿಯಬೇಕಾದ ಹಟವಾಗಿ; ಗಿಲ್‌ಬ್ರೆತ್‌ಗೆ ಅದು ಕಲಿಯಬೇಕಾದ ಪಾಠವಾಗಿತ್ತು. ನನ್ನ ಒಲವು ಗಿಲ್‌ಬ್ರೆತ್ ಕಡೆಗೆ.

ಕಂಪ್ಯೂಟರ್ ಜಗತ್ತು ಸೋಮಾರಿತನದ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಪರ್ಲ್ ಭಾಷೆಯನ್ನು ರೂಪಿಸಿದ ಲ್ಯಾರಿ ವಾಲ್, ಪ್ರೋಗ್ರಾಮರ್‌ಗೆ ಇರಬೇಕಾದ ಮೂರು ಗುಣಗಳಲ್ಲಿ ಸೋಮಾರಿತನವನ್ನೇ ಮೊದಲಿಗಿಟ್ಟ. ಬೇಕಾಗುವವರೆಗೂ ಲೆಕ್ಕ ಮಾಡದೆ ಬಿಡುವ ವಿಧಾನಕ್ಕೆ 1970ರ ದಶಕದಲ್ಲಿಯೇ ಸೋಮಾರಿ ಎಂಬ ವಿಶೇಷಣ ಅಂಟಿತ್ತು.

ಬೇಸಾಯದಲ್ಲಿ ಇದೇ ಮಾತನ್ನು ಬೇರೆ ದಿಕ್ಕಿನಿಂದ ಎತ್ತಿದವರು ಜಪಾನಿನ ಮಸನೊಬು ಫುಕುವೊಕ. ಇದನ್ನೂ ಮಾಡಿದರೆ ಹೇಗೆ ಎಂದು ಎಲ್ಲರೂ ಕೇಳುವಾಗ, ಇದನ್ನು ಮಾಡದಿದ್ದರೆ ಹೇಗೆ ಎಂದು ಅವರು ಕೇಳಿದರು. ಉಳುಮೆ ಬಿಟ್ಟರು, ನಾಟಿ ಬಿಟ್ಟರು, ಕೊಯ್ದ ಹುಲ್ಲನ್ನು ಗದ್ದೆಗೇ ಹರಡಿದರು. 1975ರ ಅವರ ಪುಸ್ತಕ ಕನ್ನಡಕ್ಕೂ ಬಂದು ಒಂದು ತಲೆಮಾರಿನ ರೈತರನ್ನು ಅಲುಗಾಡಿಸಿತು, ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಆ ದಾರಿಯಲ್ಲಿ ದೂರ ನಡೆದವರು. ಏನೂ ಮಾಡದ ಬೇಸಾಯವೆಂದು ಹೆಸರಾದರೂ ಫುಕುವೊಕ ವರ್ಷಗಟ್ಟಲೆ ಗದ್ದೆಯಲ್ಲಿ ನಿಂತು ನೋಡಿದವರು. ಆ ನೋಟವನ್ನು ಬಿಟ್ಟು ಬರೀ ಕೈಬಿಡುವುದನ್ನಷ್ಟೇ ಕಲಿತವರ ತೋಟ ಪಾಳುಬಿತ್ತು.

ಅಡಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ನುರಿತ ಕೊನೆಗಾರ ಮರಮರಕ್ಕೂ ಹತ್ತಿ ಇಳಿಯುವುದಿಲ್ಲ. ಒಂದು ಮರದ ತಲೆಯನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊನೆಯನ್ನು ಕೆಳಗೆಸೆಯದೆ ಹಗ್ಗದ ಮೇಲೆ ಜಾರಿಸುತ್ತಾನೆ, ಉದುರಿದ ಅಡಿಕೆ ಆಯುವ ಕೆಲಸ ತಪ್ಪುತ್ತದೆ. ಇಷ್ಟು ಮಿತವಾದ ಚಲನೆಯನ್ನು ಗಿಲ್‌ಬ್ರೆತ್ ಕಂಡಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದ. ಆದರೆ ಜೀವ ಪಣಕ್ಕಿಡುವ ಈ ಕೆಲಸಕ್ಕೆ ಕೊನೆಗಾರರ ಮಕ್ಕಳು ಬರಲಿಲ್ಲ. ಅವರು ಬಾರದಿರುವುದು ನ್ಯಾಯವೇ. ಆ ಕೊರತೆಯಿಂದ ಹೊಸ ಸಾಧನಗಳು ಹುಟ್ಟಿದವು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟದ್ದರಿಂದ ಒಂದು ತೋಟದ ಉಪಾಯ ಇನ್ನೊಂದು ಜಿಲ್ಲೆಗೆ ದಾಟಿತು. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರ ಮರವೇರುವ ಬೈಕು 2019ರಲ್ಲಿ ದೇಶದಲ್ಲೆಲ್ಲ ಸುದ್ದಿಯಾಯಿತು. ನೆಲದ ಮೇಲೆ ನಿಂತೇ ಔಷಧಿ ಹೊಡೆದು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಈಗ ತೋಟಗಳಲ್ಲಿ ಮಾಮೂಲು.

ಇಲ್ಲಿ ನನ್ನನ್ನು ಕಾಡುವುದು ಯಂತ್ರಗಳು ಬಂದ ಸರದಿ. ಗಂಡಸರು ಮಾಡುತ್ತಿದ್ದ ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರ್ ಮೊದಲು ಬಂದವು. ಹೆಂಗಸರು ದಿನವಿಡೀ ಬಗ್ಗಿ ಮಾಡುವ ನಾಟಿಗೆ, ರಾತ್ರಿಯಿಡೀ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವುದಕ್ಕೆ ಯಂತ್ರ ಬಂದದ್ದು ಎಷ್ಟೋ ತಡವಾಗಿ, ಅದೂ ಆಳು ಸಿಗದಾದ ಮೇಲೆ. ಬೆನ್ನು ನೋಯುವವರಿಗೆ ಉಪಕರಣದ ಮೇಲೆ ಮಾತಿಲ್ಲದ ಕಡೆ ಸುಲಭದ ದಾರಿ ಹುಟ್ಟುವುದಿಲ್ಲ. ಇದೇ ಸೀಮೆಯ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ತರುವಾಯ ಆಳಿದ ಜಕ್ಕಿಯಬ್ಬೆಯ ವಿಷಯವನ್ನು ಬಂದಳಿಕೆಯ ಶಾಸನ ಹೇಳುತ್ತದೆ. ಅಂಥ ನಾಡಿನಲ್ಲೂ ನಾಟಿ ಹಾಕುವವರನ್ನು ನಿನಗೆ ಯಾವುದು ಕಷ್ಟ ಎಂದು ಕೇಳಿದವರು ವಿರಳ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಯಂತ್ರಶ್ರೀ’ ನಾಟಿ ಕಾರ್ಯಕ್ರಮ ಈ ಕೊರತೆಯನ್ನು ಸ್ವಲ್ಪ ತುಂಬಿವೆ. ಆದರೆ ಕೂಲಿಯೇ ಆಧಾರವಾದ ಮನೆಗೆ ಯಂತ್ರ ತರುವುದು ಬಿಡುವಲ್ಲ, ಖಾಲಿ ಕೈ. ದಿನಕ್ಕೆ ನಾಲ್ಕು ಗಂಟೆ ದುಡಿದರೆ ಸಾಕೆಂದು ಬರ್ಟ್ರಂಡ್ ರಸೆಲ್ 1932ರಲ್ಲಿ ಬರೆದದ್ದು ಉಳಿದ ಹೊತ್ತನ್ನು ಎಲ್ಲರಿಗೂ ಹಂಚಬೇಕು ಎಂಬ ಷರತ್ತಿನ ಮೇಲೆ.

ದುಡಿಮೆ ಹೆಗಲು ಬದಲಿಸಿದ ಉದಾಹರಣೆಗಳು ಇಲ್ಲೇ ಕಣ್ಣಮುಂದಿವೆ. ಆಳಿನ ಕಿರಿಕಿರಿ ಕಡಿಮೆಯೆಂದು ಶಿಕಾರಿಪುರದ ಭತ್ತದ ಹೊಲಗಳಿಗೆ ಮೆಕ್ಕೆಜೋಳ ಬಂತು, ಗದ್ದೆಗಳಿಗೆ ಅಡಿಕೆ ಸಸಿ ಇಳಿಯಿತು. ಅಡಿಕೆಗೆ ಬೇಸಿಗೆಯಲ್ಲೂ ನೀರು ಬೇಕು, ಬೋರ್‌ವೆಲ್ ಕೊರೆದರು. ಕರೆಂಟು ಬರುವ ಹೊತ್ತಿಗೆ ಎದ್ದು ಮೋಟಾರ್ ಹಾಕುವ ತಾಪತ್ರಯ ತಪ್ಪಿಸಲು ಆಟೋ ಸ್ಟಾರ್ಟರ್ ಕೂರಿಸಿದರು. ತೋಟ ತೊಯ್ದು ತುಂಬಿದರೂ ಅದು ನೀರೆತ್ತುತ್ತಲೇ ಇರುತ್ತದೆ. ಖಡಕ್‌ವಾಸ್ಲಾದ ಗೇಟಿಗೆ ಸಾಕೆನ್ನುವ ಮಟ್ಟ ಗೊತ್ತಿತ್ತು. ಈ ಸ್ಟಾರ್ಟರಿಗೆ ಗೊತ್ತಿಲ್ಲ. ಮಣ್ಣಿನ ತೇವ ನೋಡಿ ತಾನೇ ನಿಲ್ಲುವ ಸಾಧನಗಳು ಮಾರುಕಟ್ಟೆಯಲ್ಲಿವೆ, ಆದರೆ 10 ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟು ಪುಕ್ಕಟೆಯಾಗಿರುವಾಗ ಅದಕ್ಕೆ ದುಡ್ಡು ಹಾಕುವ ತುರ್ತು ಯಾರಿಗೂ ಕಾಣುತ್ತಿಲ್ಲ. ನೀರು ಕೆಳಗಿಳಿದಂತೆ ಮೊದಲು ಒಣಗುವುದು ಆಳಕ್ಕೆ ಕೊರೆಸಲಾಗದವರ ಬಾವಿ.