ಕಾರಿನೊಳಗೆ ನೀರು: ಸೋರಿಕೆ ಪತ್ತೆ ಮತ್ತು ದುರಸ್ತಿಯ ವಿದ್ಯೆ ಬೆಳೆದ ಬಗೆ

ಕಾರಿನೊಳಗೆ ನೀರು ಸೇರುವ ದಾರಿಗಳು ಮುಖ್ಯವಾಗಿ ಐದು: ಗಾಜಿನ ಅಂಚು, ಬಾಗಿಲು, ವೈಪರ್ ಬುಡದ ಗುಳಿ, ಡಿಕ್ಕಿ ಮತ್ತು ಎ.ಸಿ. ಪೈಪು. ಸನ್‌ರೂಫ್ ಇರುವ ಕಾರಿಗೆ ಆರನೆಯದೊಂದು ಸೇರುತ್ತದೆ. ಈ ದಾರಿಗಳು ಒಂದೇ ಕಾಲಕ್ಕೆ ಹುಟ್ಟಿದವಲ್ಲ. ಕಾರಿನ ಮೈಕಟ್ಟು ಬದಲಾದಂತೆಲ್ಲ ಸೋರುವ ಜಾಗವೂ ಬದಲಾಗಿದೆ, ಅದನ್ನು ಹುಡುಕುವ ಮತ್ತು ಮುಚ್ಚುವ ಕ್ರಮವೂ ಬದಲಾಗಿದೆ. ಹಳೆಯ ಜೀಪು, ಅಂಬಾಸಿಡರ್, ಮಾರುತಿ 800ರಿಂದ ಹಿಡಿದು ಸನ್‌ರೂಫ್ ಇರುವ ಎಸ್‌ಯುವಿಯವರೆಗೆ ಎಲ್ಲ ಕಾಲದ ವಾಹನಗಳೂ ಓಡಾಡಿದ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಈ ಬದಲಾವಣೆಯನ್ನು ಹಂತಹಂತವಾಗಿ ಗುರುತಿಸಬಹುದು.

ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಮಲೆನಾಡಿಗೆ ಹೋಲಿಸಿದರೆ ಇದು ಕಡಿಮೆ. ಆದರೆ ಇಲ್ಲಿನ ಮಳೆ ವರ್ಷದುದ್ದಕ್ಕೂ ಹಂಚಿಕೊಂಡು ಸುರಿಯುವುದಿಲ್ಲ. ಭರಣಿ, ಕೃತ್ತಿಕೆ ಮಳೆನಕ್ಷತ್ರಗಳ ಹೊತ್ತಿಗೆ ಗುಡುಗು ಸಮೇತ ಒಂದು ಸುತ್ತು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಸ್ತ, ಚಿತ್ತೆಯ ದೊಡ್ಡ ಸುತ್ತು. ನಡುವೆ ತಿಂಗಳುಗಟ್ಟಲೆ ಬಿಸಿಲು. ಬಿಸಿಲಿಗೆ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಬಿರಿದದ್ದು ಗೊತ್ತಾಗುವುದು ಮೊದಲ ಜೋರು ಮಳೆಯಲ್ಲಿ. ಕಾರು ಸೋರುತ್ತದೆ ಎಂಬ ದೂರುಗಳು ಒಟ್ಟೊಟ್ಟಿಗೆ ಬರುವುದಕ್ಕೆ ಇದೇ ಕಾರಣ.

ಬಟ್ಟೆಯ ಚಾವಣಿ, ತಗಡಿನ ಚಾವಣಿ

ಮೊದಮೊದಲ ಮೋಟಾರು ಕಾರುಗಳಿಗೆ ಸೋರಿಕೆ ಎಂಬ ಸಮಸ್ಯೆಯೇ ಇರಲಿಲ್ಲ, ಏಕೆಂದರೆ ಮುಚ್ಚಿದ ಮೈಯೇ ಇರಲಿಲ್ಲ. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಮುಚ್ಚಿದವು. 1920ರ ದಶಕದ ಕೊನೆಗೆ ಆ ಪಾಲು ನೂರಕ್ಕೆ ಎಂಬತ್ತನ್ನು ದಾಟಿತು. ಆಗಲೂ ಚಾವಣಿಯ ನಡುಭಾಗ ಬಟ್ಟೆಯದ್ದೇ. ಅಷ್ಟು ಅಗಲದ ತಗಡನ್ನು ಒಂದೇ ಏಟಿಗೆ ಅಚ್ಚೊತ್ತುವ ಯಂತ್ರ ಇರಲಿಲ್ಲ. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಇಡಿಯ ಉಕ್ಕಿನ ಚಾವಣಿಯನ್ನು ತಂದ ಮೇಲೆ ತಲೆಯ ಮೇಲಿಂದ ತೊಟ್ಟಿಕ್ಕುವ ಕಾಟ ಬಹುಮಟ್ಟಿಗೆ ನಿಂತಿತು.

ಮಂಡ್ಯ ಸೀಮೆಯಲ್ಲಿ ಬಟ್ಟೆಯ ಚಾವಣಿಗೆ ಇನ್ನೂ ದೀರ್ಘ ಆಯುಷ್ಯವಿತ್ತು. ಹಳ್ಳಿ ದಾರಿಗಳಲ್ಲಿ ಓಡಿದ ಜೀಪುಗಳ ಟಾಪು ಟಾರ್ಪಾಲಿನದು. ಅದರ ಸೋರಿಕೆ ಮೆಕ್ಯಾನಿಕ್‌ಗೆ ಸಂಬಂಧಪಟ್ಟದ್ದಾಗಿರಲಿಲ್ಲ, ಕುಶನ್ ಅಂಗಡಿಯವರದಾಗಿತ್ತು. ಹೊಲಿಗೆಯ ತೂತುಗಳಿಗೆ ಮೇಣ ತಿಕ್ಕುವುದು, ಹರಿದಲ್ಲಿ ತೇಪೆ ಹಾಕುವುದು, ಬಟ್ಟೆ ಜೋಲು ಬಿದ್ದು ನೀರು ನಿಲ್ಲದಂತೆ ಕಂಬಿಗೆ ಬಿಗಿಯುವುದು ಅಲ್ಲಿನ ಕೆಲಸ. ನೀರು ನಿಂತಲ್ಲಿ ಸೋರುತ್ತದೆ, ಹರಿದು ಹೋದಲ್ಲಿ ಸೋರುವುದಿಲ್ಲ ಎಂಬ ಈ ತಿಳಿವಳಿಕೆಯೇ ಮುಂದಿನ ಎಲ್ಲ ಹಂತಗಳಿಗೂ ಅಡಿಪಾಯ.

ಬೀಡಿಂಗಿನ ಕಾಲ

1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಅದರ ಜೊತೆಗಾರ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800, ಈ ಮೂರರಲ್ಲೂ ಮುಂದಿನ ಗಾಜು ತಗಡಿಗೆ ಅಂಟಿಕೊಂಡಿರಲಿಲ್ಲ. ತೋಡುಗಳಿರುವ ದಪ್ಪ ರಬ್ಬರ್ ಪಟ್ಟಿಯ ಒಂದು ತೋಡಿಗೆ ಗಾಜಿನ ಅಂಚು, ಇನ್ನೊಂದಕ್ಕೆ ತಗಡಿನ ಅಂಚು ಕೂರುತ್ತಿತ್ತು. ಗ್ಯಾರೇಜಿನ ಮಾತಿನಲ್ಲಿ ಇದೇ ಬೀಡಿಂಗ್. ಹೊಸ ಬೀಡಿಂಗ್ ಕೂರಿಸುವಾಗ ಅದರ ತೋಡಿನೊಳಗೆ ಸಣ್ಣ ಹಗ್ಗ ಸುತ್ತಿ, ಸೋಪಿನ ನೀರು ಸವರಿ, ಒಳಗಿನಿಂದ ಒಬ್ಬರು ಹಗ್ಗ ಎಳೆಯುತ್ತ ಹೊರಗಿನಿಂದ ಇನ್ನೊಬ್ಬರು ಗಾಜನ್ನು ತಟ್ಟುತ್ತ ಹೋಗಬೇಕು. ಇಬ್ಬರ ಕೈ ಒಂದೇ ಲಯದಲ್ಲಿ ನಡೆದರೆ ಗಾಜು ಒಡೆಯದೆ ಕೂರುತ್ತದೆ.

ಈ ಕಾಲದ ಸೋರಿಕೆಗೆ ಎರಡು ಮೂಲಗಳಿದ್ದವು. ಒಂದು, ಬಿಸಿಲಿಗೆ ಕುಗ್ಗಿದ ಬೀಡಿಂಗಿನ ಮೂಲೆಗಳು. ಇನ್ನೊಂದು, ಅದರ ಅಡಿಯಲ್ಲಿ ನಿಂತ ನೀರು ತಿಂದ ತಗಡು. ಬೀಡಿಂಗ್ ಹೊಸದಾದರೂ ತಗಡು ತುಕ್ಕು ಹಿಡಿದಿದ್ದರೆ ಸೋರಿಕೆ ನಿಲ್ಲುವುದಿಲ್ಲ. ಮೊದಲು ಟಿಂಕರಿಂಗ್, ಆಮೇಲೆ ಬೀಡಿಂಗ್. ನೆಲದ ತಗಡಿಗೂ ಇದೇ ಮಾತು: ಗದ್ದೆ ಬಯಲಿನ ಕೆಸರು ಮಣ್ಣು ಅಡಿಯಲ್ಲಿ ಮೆತ್ತಿಕೊಂಡು ತೇವ ಹಿಡಿದಿಟ್ಟು, ಮೇಲಿನ ಮಳೆಗಿಂತ ಹೆಚ್ಚಿನ ಹಾನಿ ಮಾಡುತ್ತಿತ್ತು. 1960ರ ದಶಕದಿಂದ ಬಳಕೆಗೆ ಬಂದ ಇಪಿಡಿಎಂ ಎಂಬ ಕೃತಕ ರಬ್ಬರ್ ಬಿಸಿಲನ್ನೂ ಓಝೋನನ್ನೂ ತಡೆಯುವುದರಿಂದ ಬಾಗಿಲಿನ ಬೀಡಿಂಗುಗಳ ಬಾಳಿಕೆ ಹೆಚ್ಚಿತು.

ಅಂಟಿಸಿದ ಗಾಜು

ಗಾಜನ್ನು ನೇರವಾಗಿ ತಗಡಿಗೆ ಅಂಟಿಸುವ ಪದ್ಧತಿ 1960ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ, ಪಾಲಿಯುರೆಥೇನ್ ಅಂಟಿನಿಂದಾಗಿ ಎಲ್ಲೆಡೆ ಹರಡಿತು. ಭಾರತದಲ್ಲಿ 1990ರ ದಶಕದ ಕೊನೆಯಿಂದ ಬಂದ ಹೊಸ ಮಾದರಿಗಳಲ್ಲಿ ಇದು ಸಾಮಾನ್ಯವಾಯಿತು. ಕಾರ್ಖಾನೆಯಲ್ಲಿ ಅಂಟಿಸಿದ ಗಾಜು ಸಾಮಾನ್ಯವಾಗಿ ಸೋರುವುದಿಲ್ಲ. ಸೋರುವುದು ಕಲ್ಲು ಬಡಿದು ಬದಲಾಯಿಸಿದ ಗಾಜು. ಹಳೆಯ ಅಂಟನ್ನು ಸಮನಾಗಿ ಕೆತ್ತದಿದ್ದರೆ, ಕೆತ್ತುವಾಗ ಬಣ್ಣ ಗೀಚಿದಲ್ಲಿ ಪ್ರೈಮರ್ ಹಚ್ಚದಿದ್ದರೆ, ಅಂಟಿನ ಎಳೆ ನಡುವೆ ಕಡಿದಿದ್ದರೆ ನೀರು ಒಳಗಿಳಿಯುತ್ತದೆ.

ಈ ಹಂತದಲ್ಲಿ ಸೋರಿಕೆಯ ಅರ್ಥವೂ ಬದಲಾಯಿತು. ಅಂಟಿಸಿದ ಗಾಜು ಕಾರಿನ ಮೈಗೆ ಬಲ ಕೊಡುವ ಭಾಗ. ಎಷ್ಟೋ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆ ಗಾಜಿಗೇ ಒರಗುತ್ತದೆ. ಆದ್ದರಿಂದ ಗಾಜಿನ ಅಂಚಿನ ಸೋರಿಕೆ ಒದ್ದೆ ಮ್ಯಾಟಿನ ತಂಟೆಯಷ್ಟೇ ಅಲ್ಲ, ಅಂಟು ಬಿಟ್ಟಿರುವುದರ ಸೂಚನೆ. ಹೊರಗಿನಿಂದ ಸಿಲಿಕೋನ್ ಬಳಿದರೆ ನೀರು ನಿಲ್ಲಬಹುದು, ಗಾಜಿನ ಹಿಡಿತ ಮರಳುವುದಿಲ್ಲ.

ಬಾಗಿಲಿನೊಳಗಿನ ಹಾಳೆ

ಕಾರಿನ ಬಾಗಿಲು ನೀರನ್ನು ಪೂರ್ತಿ ಹೊರಗಿಡುವುದಿಲ್ಲ. ಏರಿಳಿಯುವ ಗಾಜಿನ ಸಂದಿನಿಂದ ಬಾಗಿಲಿನ ಹೊಟ್ಟೆಗೆ ನೀರು ಇಳಿದು, ತಳದ ತೂತುಗಳಿಂದ ಆಚೆ ಹೋಗುತ್ತದೆ. ಅದು ಒಳಗಿನ ರೆಕ್ಸಿನ್ ಅಥವಾ ಪ್ಲಾಸ್ಟಿಕ್ ಪ್ಯಾನೆಲಿನತ್ತ ಬಾರದಂತೆ ನಡುವೆ ಒಂದು ತೆಳು ಹಾಳೆಯನ್ನು ಬ್ಯೂಟೈಲ್ ಅಂಟಿನಿಂದ ಮೆತ್ತಿರುತ್ತಾರೆ. ಕೆರೆಗೆ ತೂಬು, ಕೋಡಿ ಇರುವಂತೆಯೇ ಇದು: ಬಂದ ನೀರಿಗೆ ಹೋಗುವ ದಾರಿ ಮೊದಲೇ ಗೊತ್ತುಮಾಡಿದ ಏರ್ಪಾಟು.

ಈ ಏರ್ಪಾಟು ಕೆಡುವುದು ಹೆಚ್ಚಾಗಿ ಮನುಷ್ಯರ ಕೈಯಿಂದ. ಸ್ಪೀಕರ್, ಪವರ್ ವಿಂಡೋ, ಸೆಂಟ್ರಲ್ ಲಾಕ್ ಹಾಕಿಸುವಾಗ ಆ ಹಾಳೆಯನ್ನು ಕತ್ತರಿಸಿ ಹಾಗೆಯೇ ಬಿಡುವುದು ಸಾಮಾನ್ಯ. ಮುಂದಿನ ಮಳೆಗೆ ನೀರು ಪ್ಯಾನೆಲಿನ ಹಿಂದೆ ಇಳಿದು ಕಾರ್ಪೆಟ್ ಸೇರುತ್ತದೆ. ಬಾಡಿಗೆ ಗಾಡಿಗಳ ಚಾವಣಿಗೆ ಕ್ಯಾರಿಯರ್ ಕೂರಿಸಲು ಕೊರೆದ ತೂತು, ಜೋರು ಹಾರನ್ನಿನ ವೈರಿಗಾಗಿ ಎಂಜಿನ್ ಕಡೆಯ ಗೋಡೆಯಲ್ಲಿ ಕಿತ್ತ ರಬ್ಬರ್ ಬಿರಡೆ, ರಿವರ್ಸ್ ಕ್ಯಾಮೆರಾಕ್ಕೆ ಡಿಕ್ಕಿಯಲ್ಲಿ ತೆಗೆದ ದಾರಿ ಇವೂ ಇದೇ ಜಾತಿಯವು. ಸೋರುವ ಕಾರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದರಿಂದಲೇ ಹುಟ್ಟಿತು: ಇತ್ತೀಚೆಗೆ ಏನು ಬಿಚ್ಚಿಸಿದಿರಿ, ಏನು ಹಾಕಿಸಿದಿರಿ?

ಎಲೆ, ಎ.ಸಿ., ಸನ್‌ರೂಫ್

ವೈಪರ್ ಬುಡದ ಕಪ್ಪು ಜಾಲರಿಯ ಕೆಳಗೆ ಒಂದು ಉದ್ದನೆಯ ಗುಳಿ ಇರುತ್ತದೆ. ಮುಂದಿನ ಗಾಜಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿ ಕೂಡಿ ಎರಡೂ ತುದಿಯ ತೂತುಗಳಿಂದ ಇಳಿಯುತ್ತದೆ. ಒಳಗಿನ ಬ್ಲೋವರ್ ಹೊರಗಾಳಿಯನ್ನು ಎಳೆಯುವುದೂ ಅಲ್ಲಿಂದಲೇ. ಹುಣಸೆಮರದ ಅಡಿ ನಿಲ್ಲಿಸಿದ ಕಾರಿನಲ್ಲಿ ಸಣ್ಣ ಎಲೆಗಳು ಜಾಲರಿಯಲ್ಲಿ ನುಸುಳಿ ತೂತನ್ನು ಕಟ್ಟುತ್ತವೆ. ಬೇವು, ಹೊಂಗೆಯ ಹೂವು ಉದುರುವುದು ಸರಿಯಾಗಿ ಬೇಸಿಗೆಯ ಮಳೆಗೆ ಮುಂಚೆ. ಗುಳಿ ತುಂಬಿದಾಗ ನೀರು ಬ್ಲೋವರಿನ ಬಾಯಿಗೆ ನುಗ್ಗಿ ಪಕ್ಕದ ಸೀಟಿನವರ ಕಾಲಿನ ಮೇಲೆ ಬೀಳುತ್ತದೆ. ಇಲ್ಲಿ ಮುಚ್ಚಬೇಕಾದ ತೂತು ಯಾವುದೂ ಇಲ್ಲ, ತೆರೆಯಬೇಕಾದ ತೂತಿದೆ.

ಎ.ಸಿ. ಸಾಮಾನ್ಯವಾದ ಮೇಲೆ ಮಳೆಯಿಲ್ಲದ ದಿನಗಳಲ್ಲೂ ಕಾರು ಒದ್ದೆಯಾಗತೊಡಗಿತು. ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿದು ಒಂದು ರಬ್ಬರ್ ಪೈಪಿನಿಂದ ಕಾರಿನಡಿ ತೊಟ್ಟಿಕ್ಕಬೇಕು. ಧೂಳು ಕಟ್ಟಿದರೆ, ಪೈಪು ಕಳಚಿದರೆ ಅದು ಕಾರ್ಪೆಟ್ಟಿಗೆ ಹರಿಯುತ್ತದೆ. ಎ.ಸಿ. ಹಾಕಿ ಅರ್ಧ ಗಂಟೆ ನಿಲ್ಲಿಸಿದ ಕಾರಿನಡಿ ನೀರು ಕಾಣದಿದ್ದರೆ ಅನುಮಾನ ಪಡಬೇಕು.

ಸನ್‌ರೂಫ್ ಹೊಸದಲ್ಲ, ಅಮೆರಿಕದ ನ್ಯಾಶ್ ಕಂಪನಿ 1937ರಲ್ಲೇ ಕೊಟ್ಟಿತ್ತು. ಮಧ್ಯಮ ಬೆಲೆಯ ಕಾರುಗಳಿಗೆ ಅದು ಇಳಿದು ಬಂದದ್ದು ಈಚಿನ ವರ್ಷಗಳಲ್ಲಿ. ಅದರ ಗಾಜಿನ ಸುತ್ತಲಿನ ರಬ್ಬರ್ ಹೆಚ್ಚಿನ ನೀರನ್ನು ತಡೆಯುತ್ತದೆ, ನುಸುಳಿದ್ದನ್ನು ಸುತ್ತಲಿನ ತಟ್ಟೆ ಹಿಡಿಯುತ್ತದೆ, ಮೂಲೆಗಳ ಸಣ್ಣ ಪೈಪುಗಳು ಕಂಬಗಳೊಳಗಿಂದ ಕೆಳಗೆ ಒಯ್ಯುತ್ತವೆ. ಪೈಪು ಕಟ್ಟಿದರೆ ನೀರು ಚಾವಣಿಯ ಬಟ್ಟೆಗೆ ಇಳಿದು ಕಲೆ ಮೂಡಿಸುತ್ತದೆ.

ಪತ್ತೆಯ ಕ್ರಮ

ನೀರು ಕಂಡ ಜಾಗವೇ ನೀರು ನುಗ್ಗಿದ ಜಾಗ ಎಂದು ನಂಬುವುದು ಪತ್ತೆಯ ಮೊದಲ ತಪ್ಪು. ಚಾವಣಿಯಲ್ಲಿ ನುಸುಳಿದ ಹನಿ ಕಂಬದೊಳಗೆ ಇಳಿದು, ವೈರುಗಳ ಗುಂಟ ಹರಿದು, ಹಿಂದಿನ ಸೀಟಿನಡಿ ಕಾಣಿಸಿಕೊಳ್ಳಬಹುದು.

ಹೀಗಾಗಿ ಮೊದಲು ನೀರಿನ ಗುಣ ನೋಡಬೇಕು. ಮಳೆಯಿಲ್ಲದೆ ಕಂಡ ತಿಳಿನೀರು ಎ.ಸಿ.ಯದು. ಜಾರುವ, ಸಿಹಿವಾಸನೆಯ ದ್ರವ ಹೀಟರ್ ಸುರುಳಿಯಿಂದ ಸೋರಿದ ಕೂಲೆಂಟ್; ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು ಕವಿಯುವುದೂ ಅದರದೇ ಗುರುತು. ಒಣಗಿದಲ್ಲಿ ಬಿಳಿ ಉಪ್ಪಿನ ಕಲೆ ಉಳಿದರೆ ಬೋರ್‌ವೆಲ್ಲಿನ ಗಡಸು ನೀರು, ಅಂದರೆ ವಾಟರ್ ಸರ್ವಿಸ್‌ನಲ್ಲಿ ನುಗ್ಗಿದ್ದು. ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ತುಂಬಿಕೊಂಡು ಹೋದ ಡಿಕ್ಕಿಯಲ್ಲಿ ಅಂಟಂಟು ಒದ್ದೆಗೆ ಇರುವೆ ಮುತ್ತಿದ್ದರೆ ಅದು ಸೋರಿಕೆಯೇ ಅಲ್ಲ.

ಆಮೇಲೆ ನೀರಿನ ಪರೀಕ್ಷೆ. ಒಳಗಿನ ಮ್ಯಾಟು, ಪ್ಯಾನೆಲ್ ತೆಗೆದು, ಅನುಮಾನವಿರುವಲ್ಲಿ ಟಾಲ್ಕಂ ಪೌಡರ್ ಉದುರಿಸಿ ಅಥವಾ ಒಣ ಪತ್ರಿಕೆ ಹಾಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಹೊರಗಿನವರು ನಲ್ಲಿ ಪೈಪಿನಿಂದ ಸಣ್ಣಗೆ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಒಂದೊಂದು ಭಾಗಕ್ಕೂ ಐದು ಹತ್ತು ನಿಮಿಷ ಕೊಡಬೇಕು. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ತಪ್ಪಿತಸ್ಥ ಎಂದು ತಿಳಿಯುವುದಿಲ್ಲ. ಒತ್ತಡದ ಗನ್ ಬಳಸಿದರೆ ಸರಿಯಿರುವ ಬೀಡಿಂಗೂ ಸೋರಿ ದಾರಿ ತಪ್ಪಿಸುತ್ತದೆ.

ಕಾರ್ಖಾನೆಗಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ: ಸಿದ್ಧವಾದ ಕಾರನ್ನು ಸುತ್ತಲಿಂದ ನೀರು ಚಿಮ್ಮುವ ಕೋಣೆಯಲ್ಲಿ ಹಾಯಿಸಿ ಒಳಗನ್ನು ಪರೀಕ್ಷಿಸುವುದು ವಾಹನೋದ್ಯಮದ ರೂಢಿ. ನೀರಿಲ್ಲದೆ ಹುಡುಕುವ ವಿಧಾನಗಳೂ ಬಂದಿವೆ. ಒಳಗಿಟ್ಟ ಸಾಧನ ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಯ ಶಬ್ದ ಹೊರಡಿಸುತ್ತದೆ, ಹೊರಗಿನ ಗ್ರಾಹಕ ಅದು ನುಸುಳುವ ಸಂದನ್ನು ಹಿಡಿಯುತ್ತದೆ. ಹೊಳೆಯುವ ಬಣ್ಣ ಬೆರೆಸಿದ ನೀರಿನ ಜಾಡನ್ನು ನೇರಳಾತೀತ ದೀಪದಲ್ಲಿ ಕಾಣಬಹುದು. ಇವು ದುಬಾರಿ; ಸಣ್ಣ ಊರಿನ ಗ್ಯಾರೇಜಿಗೆ ಪೌಡರ್, ಪೈಪು, ತಾಳ್ಮೆ ಈ ಮೂರೇ ಸಾಕಾಗುತ್ತವೆ.

ದುರಸ್ತಿ ಮತ್ತು ಒಣಗಿಸುವುದು

ದುರಸ್ತಿಯ ಸಾಮಗ್ರಿ ಜಾಗಕ್ಕೆ ತಕ್ಕಂತೆ ಬೇರೆಯಾಗಬೇಕು. ಗಾಜಿಗೆ ಪಾಲಿಯುರೆಥೇನ್, ಬಾಗಿಲಿನ ಹಾಳೆಗೆ ಬ್ಯೂಟೈಲ್ ಪಟ್ಟಿ, ತಗಡಿನ ಜೋಡಣೆಗೆ ಸೀಮ್ ಸೀಲರ್, ಟೇಲ್ ಲ್ಯಾಂಪಿಗೆ ಹೊಸ ಗ್ಯಾಸ್ಕೆಟ್, ಬಾಗಿಲಿನ ಬೀಡಿಂಗಿಗೆ ಸಿಲಿಕೋನ್ ಗ್ರೀಸ್. ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಬಣ್ಣ ಕಿತ್ತ ತಗಡನ್ನು ತುಕ್ಕು ಹಿಡಿಸುತ್ತದೆ. ಅದರ ಮೇಲೆ ಮುಂದೆ ಬೇರಾವ ಅಂಟೂ ನಿಲ್ಲುವುದಿಲ್ಲ. ಎಂ-ಸೀಲ್‌ನಂಥ ಪುಟ್ಟಿ ಕಲ್ಲಿನಂತಾಗುವುದರಿಂದ ಅಲುಗುವ ತಗಡಿನ ಮೇಲೆ ಬಿರಿಯುತ್ತದೆ. ಸನ್‌ರೂಫ್ ಪೈಪನ್ನು ಮೆತ್ತನೆಯ ನೈಲಾನ್ ತಂತಿಯಿಂದ ಬಿಡಿಸಬೇಕು. ಕಂಪ್ರೆಸರ್ ಗಾಳಿ ಜೋರಾದರೆ ಪೈಪು ಒಳಗೇ ಕಳಚಿಕೊಳ್ಳುತ್ತದೆ.

ಕಾರ್ಪೆಟ್ಟಿನಡಿಯ ಸ್ಪಂಜು ನೀರು ಹೀರಿ ವಾರಗಟ್ಟಲೆ ಹಿಡಿದಿಡುತ್ತದೆ. ಮೇಲ್ಮೈ ಒಣಗಿದರೂ ಅಡಿಯಲ್ಲಿ ಎರಡು ಮೂರು ದಿನಕ್ಕೇ ಬೂಷ್ಟು ಹತ್ತುತ್ತದೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ ಬಿಸಿಲಿಗೆ ಹಾಕುವುದೇ ಸರಿಯಾದ ದಾರಿ. ಭಾರತದಲ್ಲಿ 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದ ಮೇಲೆ ಈ ಕೆಲಸಕ್ಕೂ ಎಚ್ಚರ ಬೇಕಾಗಿದೆ: ಏರ್‌ಬ್ಯಾಗಿನ ವೈರು, ನಿಯಂತ್ರಕಗಳು ಸೀಟಿನಡಿ ಮತ್ತು ನಡುದಿಬ್ಬದಲ್ಲಿ ಇರುವುದುಂಟು. ಬ್ಯಾಟರಿ ಕಳಚಿ ಕೆಲವು ನಿಮಿಷ ಕಾದ ಮೇಲೆಯೇ ಸೀಟಿಗೆ ಕೈ ಹಾಕಬೇಕು. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ವೈರುಗಳನ್ನು ತರಬೇತಿ ಪಡೆದವರೇ ಮುಟ್ಟಬೇಕು.

ನೆರೆಯ ನೀರು

ಸೋರಿದ ನೀರೂ ನುಗ್ಗಿದ ನೀರೂ ಒಂದಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಅಂಡರ್‌ಪಾಸಿನಲ್ಲಿ ವಾಹನಗಳು ಮುಳುಗಿದವು. ಅದೇ ಹೆದ್ದಾರಿಯ ದಶಪಥವನ್ನು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟಿಸಿದ ವಾರದೊಳಗೇ ರಾಮನಗರದ ಬಳಿ ರಸ್ತೆ ಮತ್ತೆ ಜಲಾವೃತವಾಯಿತು. ಮುಳುಗಿದ ಕಾರಿನ ಎಂಜಿನ್ ಚಾಲೂ ಮಾಡಿದರೆ ಸಿಲಿಂಡರಿನೊಳಗಿನ ನೀರು ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಕಳಚಿ, ಟೋ ಮಾಡಿಸುವುದೊಂದೇ ಉಪಾಯ. ಅಂಥ ಕಾರುಗಳು ತೊಳೆದು ಹೊಳೆಸಿಕೊಂಡು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕಾಣುವ ಮಣ್ಣಿನ ಗೆರೆ, ಸೀಟಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಒಣ ಕೆಸರು ಅವುಗಳ ಗುರುತು.

ಬಟ್ಟೆಯ ಟಾಪಿನಿಂದ ಸನ್‌ರೂಫಿನವರೆಗಿನ ಹಾದಿಯಲ್ಲಿ ಕಾರು ನೀರನ್ನು ಎದುರಿಸುವ ಬಗೆಯೇ ತಿರುವು ಪಡೆದಿದೆ. ಹಳೆಯ ಕಾರು ನೀರನ್ನು ತಡೆಯಲು ನೋಡುತ್ತಿತ್ತು. ಹೊಸ ಕಾರು ಅದನ್ನು ಬರಗೊಟ್ಟು ಹೊರಗೆ ಕಳಿಸುತ್ತದೆ. ಅದರಿಂದ ಮುಚ್ಚುವವರ ಕೆಲಸ ಕಡಿಮೆಯಾಗಿ ತೂಬಿನ ಕಸ ತೆಗೆಯುವ ನೀರುಗಂಟಿಯ ಕೆಲಸ ಹೆಚ್ಚಾಗಿದೆ. ಭರಣಿ ಮಳೆಗೆ ಮುಂಚೆ ಒಮ್ಮೆ, ಹಸ್ತಕ್ಕೆ ಮುಂಚೆ ಇನ್ನೊಮ್ಮೆ ವೈಪರ್ ಬುಡದ ಎಲೆ, ಬಾಗಿಲ ತಳದ ತೂತು, ಸನ್‌ರೂಫಿನ ಪೈಪು ಬಿಡಿಸಿಟ್ಟರೆ ಈ ಸೀಮೆಯ ಹೆಚ್ಚಿನ ಕಾರುಗಳು ಸೋರುವುದಿಲ್ಲ.